ರೋಟರಿ ಇಂಜಿನ್ನಿನ ಮೂಡಲಗಿ ದಿಗ್ವಿಜಯ

ಮೋಟಾರು ಇಂಜಿನ್ ಎಂದರೆ ಅದೇನು ಮಹಾ ವಿದ್ಯೆ ಎಂಬ ಧೈರ್ಯ ನನಗೆ ಮೊದಲಿನಿಂದಲೂ ಇತ್ತು. ಹುಕ್ಕೇರಿಯಲ್ಲಿ ನನ್ನದು ಪಂಪ್‌ಸೆಟ್ಟಿನ ಅಂಗಡಿ. ರೈತರು ತಂದ ಕೆಟ್ಟ ಪಂಪುಗಳನ್ನು ನಾನು ಸ್ವತಃ ಬಿಚ್ಚುತ್ತಿದ್ದೆ. ಅವನ್ನು ಮತ್ತೆ ಜೋಡಿಸಲು ಸಂಕೇಶ್ವರದಿಂದ ಮೇಸ್ತ್ರಿ ಬರಬೇಕಾಗುತ್ತಿತ್ತು ಎಂಬುದು ಬೇರೆ ಮಾತು.

ತೊಂಬತ್ತರ ದಶಕ ಮುಗಿಯುತ್ತ ಬಂದಾಗ ಒಮ್ಮೆ ಬಿಡಿಭಾಗ ತರಲು ಕೊಲ್ಹಾಪುರಕ್ಕೆ ಹೋಗಿದ್ದೆ. ಅಲ್ಲಿಯ ಗುಜರಿಯೊಂದರಲ್ಲಿ ಒಂದು ವಿಚಿತ್ರ ಇಂಜಿನ್ ಕಣ್ಣಿಗೆ ಬಿತ್ತು. ಮುಂಬೈ ಬಂದರಿನಲ್ಲಿ ಇಳಿದ ಯಾವುದೋ ಜಪಾನಿ ಕಾರು ಅಪಘಾತಕ್ಕೆ ಸಿಕ್ಕಿ, ಅದರ ಇಂಜಿನ್ ಮಾತ್ರ ಉಳಿದು ಇಲ್ಲಿಗೆ ಬಂದಿತ್ತಂತೆ. ಎಲ್ಲ ಇಂಜಿನ್ನುಗಳಲ್ಲಿ ಪಿಸ್ಟನ್ನುಗಳು ಮೇಲೆ ಕೆಳಗೆ ಕುಣಿಯುತ್ತವೆ. ಇದರಲ್ಲಿ ಪಿಸ್ಟನ್ನೇ ಇಲ್ಲ. ಉಬ್ಬಿದ ತ್ರಿಕೋಣದಂಥ ಎರಡು ಕಬ್ಬಿಣದ ಗಡ್ಡೆಗಳು ಗಿರಗಿರ ತಿರುಗುತ್ತವೆ, ಅಷ್ಟೆ. ಇದಕ್ಕೆ ರೋಟರಿ ಇಂಜಿನ್ ಎನ್ನುತ್ತಾರೆ ಎಂದು ಗುಜರಿಯವನು ಹೇಳಿದ. ಇಷ್ಟು ಸರಳವಾದ ಯಂತ್ರವನ್ನು ಜಗತ್ತು ಯಾಕೆ ಬಳಸುತ್ತಿಲ್ಲ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಟೆಂಪೋದಲ್ಲಿ ಹೇರಿಸಿಕೊಂಡು ಮನೆಗೆ ತಂದೆ.

ಹಾಕಲು ಕಾರು ಹೇಗೂ ಇತ್ತು. ಮೂಡಲಗಿಯಲ್ಲಿ ಬೆಲ್ಲದ ವ್ಯಾಪಾರ ಮಾಡುವ ನನ್ನ ಮಾವ ಪಾಯಪ್ಪಣ್ಣನವರು, ವಯಸ್ಸಾಯಿತೆಂದು ತಮ್ಮ ಹಳೆಯ ಬಿಳಿ ಕಾರನ್ನು ನನಗೆ ಕೊಟ್ಟಿದ್ದರು. ಕೊಡುವಾಗ ಅದರ ಬಾನೆಟ್ ಸವರಿ, "ಮಗಳನ್ನ ಕೊಟ್ಟಾಗ ಸುದ್ದಾ ನನಗ ಇಷ್ಟ ಸಂಕಟ ಆಗಿರಲಿಲ್ಲ" ಎಂದಿದ್ದರು. ಆ ಮಗಳು, ಅಂದರೆ ನನ್ನ ಹೆಂಡತಿ ಸುಜಾತಾ, ಬಾಜೂದಲ್ಲೇ ನಿಂತಿದ್ದಳು.

ಕೊಟ್ಟಿಗೆಯಿಂದ ಎಮ್ಮೆಯನ್ನು ಹೊರಗೆ ಕಟ್ಟಿ, ಅಲ್ಲಿ ನನ್ನ ಗ್ಯಾರೇಜು ಸ್ಥಾಪಿಸಿದೆ. ಇಂಜಿನ್ ಬಿಚ್ಚಿ ಒಳಗಿನ ತ್ರಿಕೋಣವನ್ನು ತೋರಿಸಿದಾಗ ಸುಜಾತಾ ಅದನ್ನು ಹೊರಳಿಸಿ ನೋಡಿದಳು.

"ಏನ್ರಿ ಇದು? ಸಮೋಸಾ ಇದ್ದಂಗ ಐತಿ."

ನಮ್ಮ ಜೊತೆಗಿದ್ದ ಚಿಕ್ಕಮ್ಮ, ಇಡೀ ಓಣಿಯೇ ಕಾಕು ಎಂದು ಕರೆಯುವ ಹಿರಿಯಳು, ಸುದ್ದಿ ಕೇಳಿ ಖುಷಿಯಿಂದ ಬಂದಳು. "ರೊಟ್ಟಿ ಇಂಜಿನ್ ತಂದೀಯಂತ. ಛಲೋ ಆತು ನೋಡಪಾ. ತಾಸಿಗಿ ಎಷ್ಟ ರೊಟ್ಟಿ ಬಡೀತೈತಿ?"

"ರೊಟ್ಟಿ ಅಲ್ಲ ಕಾಕು, ರೋಟರಿ. ಕಾರಿಗಿ ಹಾಕೂದು."

"ಕಾರಿನ್ಯಾಗ ಕುಂತ ರೊಟ್ಟಿ ಯಾರ ತಿಂತಾರೋ?" ಎಂದು ಕಾಕು ನಿರಾಶಳಾಗಿ ಒಳಗೆ ಹೋದಳು.

ಭಾನುವಾರಗಳೆಲ್ಲ ಗ್ಯಾರೇಜಿಗೆ ಮೀಸಲಾದವು. ಹೊಸ ಇಂಜಿನ್ನಿಗೂ ಹಳೆಯ ಗೇರ್‌ಬಾಕ್ಸಿಗೂ ಸಂಬಂಧ ಕೂಡಿಸುವುದು ಎರಡು ಮನೆತನಗಳ ಬೀಗತನ ಕೂಡಿಸುವುದಕ್ಕಿಂತ ಕಷ್ಟ. ಇವರ ಬೋಲ್ಟಿಗೆ ಅವರ ತೂತು ಹೊಂದುವುದಿಲ್ಲ. ನಡುವೆ ದಪ್ಪ ತಗಡಿನ ಒಂದು ಬಿಲ್ಲೆ ಮಾಡಿಸಿ, ಅದಕ್ಕೆ ಎರಡೂ ಕಡೆಯವರ ತೂತು ಕೊರೆಸಿ, ಕೊನೆಗೆ ಒಪ್ಪಿಸಿದೆ. ಇಂಜಿನ್ನಿನ ಬಲ ತಾಳಲೆಂದು ಹಿಂದಿನ ಆಕ್ಸಲ್ ಇಳಿಸಿ ಬೆಸುಗೆ ಹಾಕಿಸಿ ಮತ್ತೆ ಏರಿಸಿದೆ.

ಉದ್ಘಾಟನೆಗೆ ಓಣಿಯವರು ಸೇರಿದರು. ಬಾಜೂ ಮನೆಯ ಲಗಮಣ್ಣ ಕುರಿಗಳನ್ನು ಮಗನ ಕೈಗೆ ಒಪ್ಪಿಸಿ ಬಂದು ಕಟ್ಟೆಯ ಮೇಲೆ ಕುಳಿತ. ಇಂಜಿನ್ ಚಾಲೂ ಆಯಿತು. ಒಂದನೇ ಗೇರು ಹಾಕಿ ಗಾಂಭೀರ್ಯದಿಂದ ಕ್ಲಚ್ ಬಿಟ್ಟೆ. ಕಾರು ಅಷ್ಟೇ ಗಾಂಭೀರ್ಯದಿಂದ ಹಿಂದಕ್ಕೆ ಹೋಯಿತು. ಹಿಂದೆ ಕಾಕು ಒಣಹಾಕಿದ್ದ ಹಪ್ಪಳಗಳಿದ್ದವು. ಗಾಬರಿಯಾಗಿ ಎರಡನೇ ಗೇರು ಹಾಕಿದೆ. ಇನ್ನೂ ಜೋರಾಗಿ ಹಿಂದಕ್ಕೆ ಹೋಯಿತು. ಸಂಡಿಗೆಗಳೂ ಮುಗಿದವು.

ಆಕ್ಸಲ್ಲನ್ನು ನಾನು ತಲೆಕೆಳಗಾಗಿ ಕೂಡಿಸಿದ್ದೆ; ಗಾಲಿಗಳು ಉಲ್ಟಾ ತಿರುಗುತ್ತಿದ್ದವು. ಲೋಕದ ಕಾರುಗಳಿಗೆಲ್ಲ ಮುಂದಕ್ಕೆ ನಾಲ್ಕು ಗೇರು, ಹಿಂದಕ್ಕೆ ಒಂದು. ನನ್ನದಕ್ಕೆ ಹಿಂದಕ್ಕೆ ನಾಲ್ಕು, ಮುಂದಕ್ಕೆ ಒಂದು.

"ಸಾವ್ಕಾರ್ರ, ಬಿಚ್ಚಾಕ ಹೋಗಬ್ಯಾಡ್ರಿ" ಎಂದ ಲಗಮಣ್ಣ. "ಸೀಟ್ ಒಂದ ತಿರುವಿ ಹಾಕ್ರಿ. ಎಲ್ಲಾ ಸರಿ ಆಗ್ತೈತಿ."

ನಾನು ಬಿಚ್ಚಿದೆ. ಸರಿಯಾಗಿ ಕೂಡಿಸಿದೆ. ಒಂದು ಸಂಜೆ ಹಿಡಕಲ್ ಅಣೆಕಟ್ಟಿನ ತನಕ ಒಬ್ಬನೇ ಹೋದೆ. ಹಳೆಯ ಇಂಜಿನ್ನಿನ ಖಡಖಡ ಇಲ್ಲ, ನಡುಕ ಇಲ್ಲ. ಜೇನು ಎದ್ದಂತೆ ಒಂದೇ ಝೇಂಕಾರ. ಪೆಡಲ್ ತುಳಿದಷ್ಟೂ ಅದು ಹಾಡುತ್ತ ಏರುತ್ತಿತ್ತು. ಅಣೆಕಟ್ಟಿನ ಮೇಲೆ ಗಾಳಿಗೆ ನಿಂತು ಒಬ್ಬನೇ ನಕ್ಕೆ. ನನ್ನ ಕೈಯಿಂದ ಆದ ವಸ್ತುವೊಂದು ಓಡುತ್ತಿದೆ ಎಂಬ ಸುಖ ಎಂಥದೆಂದು ಅಂದು ಗೊತ್ತಾಯಿತು. ಹೋಗುವಾಗ ಪೆಟ್ರೋಲ್ ಹಾಕಿಸಿದ್ದೆ. ಬರುವಾಗಲೂ ಹಾಕಿಸಬೇಕಾಯಿತು. ಆ ಸುಖದಲ್ಲಿ ಅದೊಂದು ದೊಡ್ಡದಾಗಿ ಕಾಣಲಿಲ್ಲ.

ಇದಾಗಿ ಸ್ವಲ್ಪ ದಿನಕ್ಕೆ ಸುಜಾತಾಳ ತಂಗಿ ಸುನಂದಾಳನ್ನು ನೋಡಲು ಗಂಡಿನ ಕಡೆಯವರು ಮೂಡಲಗಿಗೆ ಬರುವುದೆಂದು ಗೊತ್ತಾಯಿತು. ಸಂಬಂಧಿಕರೊಬ್ಬರು ನಡುವೆ ನಿಂತು ಹಚ್ಚಿದ ಸಂಬಂಧ. ಒಬ್ಬರ ಮುಖ ಒಬ್ಬರು ಕಂಡಿರಲಿಲ್ಲ. ಅವರು ಬರುವ ದಿನ ಬೆಳಿಗ್ಗೆ ಮಾವನವರು ದೊಡ್ಡ ಮಗಳನ್ನು ಕರೆದೊಯ್ಯಲು ಬಸ್ಸಿನಲ್ಲಿ ಬಂದರು. ಮಧ್ಯಾಹ್ನದೊಳಗೆ ಮನೆ ಮುಟ್ಟಬೇಕು.

"ಬಸ್ಸಿನ್ಯಾಗ ಯಾಕ ಮಾಮಾ? ನಿಮ್ಮ ಕಾರ ತಯಾರ ಐತಿ" ಎಂದೆ.

ಸುಜಾತಾ ನನ್ನ ಮುಖ ನೋಡಿದಳು. ನಾನು ನೋಡದವನಂತೆ ಇದ್ದೆ.

ಮಾವನವರು ಕುಂಕುಮ ಹಚ್ಚಿ ಕಾಯಿ ಒಡೆಯಲೆಂದು ಕಾರನ್ನು ಕೊಟ್ಟಿಗೆಯಿಂದ ನಾಲ್ಕು ಹೆಜ್ಜೆ ಹೊರಗೆ ತಂದು ಬಂದ್ ಮಾಡಿದೆ. ಅಲ್ಲೇ ತಪ್ಪಿದ್ದು. ರೋಟರಿ ಇಂಜಿನ್ನನ್ನು ತಣ್ಣಗಿದ್ದಾಗ ಚಾಲೂ ಮಾಡಿ ತಕ್ಷಣ ಬಂದ್ ಮಾಡಿದರೆ ಹೊಟ್ಟೆ ತುಂಬ ಪೆಟ್ರೋಲ್ ಕುಡಿದು ಮಲಗಿಬಿಡುತ್ತದೆ. ಇದು ನನಗೆ ಗೊತ್ತಾದದ್ದು ಕಾಯಿ ಒಡೆದ ನಂತರ. ಬ್ಯಾಟರಿ ಸುಸ್ತಾಗುವ ತನಕ ಕೀಲಿ ತಿರುವಿದೆ. ಕೊನೆಗೆ ಲಗಮಣ್ಣ ಓಣಿಯವರನ್ನು ಕೂಡಿಸಿ, ಇಳಿಜಾರಿನಲ್ಲಿ ಬಸ್‌ಸ್ಟ್ಯಾಂಡಿನ ತನಕ ನೂಕಿಸಿದ. ಅಲ್ಲಿ ಢಮ್ ಎಂದು ಒಂದು ಸದ್ದಾಯಿತು. ಬಸ್ಸಿಗೆ ಕಾದವರು ಕುಳಿತಲ್ಲಿಂದ ಎದ್ದರು. ಸೈಲೆನ್ಸರಿನ ಹೊಗೆ ಮುಖಕ್ಕೆ ಹೊಡೆದು ಲಗಮಣ್ಣನ ಹಲ್ಲು ಮಾತ್ರ ಬೆಳ್ಳಗೆ ಕಾಣುತ್ತಿದ್ದವು.

"ಚಾಲೂ ಆತ್ರಿ" ಎಂದ ಆತ, ಶಾಂತವಾಗಿ.

ಕಾರು ಓಡಿತು. ಮಾವನವರು ಮುಂದಿನ ಸೀಟಿನಲ್ಲಿ, ಸುಜಾತಾ ಹಿಂದೆ. ಘಟಪ್ರಭಾ ದಾಟಿದೆವು. ಆಮೇಲೆ ಮಾವನವರು, "ಸಪ್ಪಳ ಬ್ಯಾರೆ ಆಗೇತಲ್ಲ ಅಳ್ಯಾರ" ಎಂದರು.

"ಇಂಜಿನ್ ಬ್ಯಾರೆ ಹಾಕೇನಿ ಮಾಮಾ."

"ಹಂಗಾದ್ರ ನನ್ನ ಇಂಜಿನ್ ಎಲ್ಲೈತಿ?"

"ಕಾಕುನ ಖೋಲಿಯೊಳಗ, ಮಂಚದ ತಳಗ" ಎಂದು ಸುಜಾತಾ ಹಿಂದಿನಿಂದ ಮಾಹಿತಿ ಒದಗಿಸಿದಳು.

ಗೋಕಾಕ ಬಂತು. "ಬೀಗರ ಮುಂದ ಕರದಂಟ ಇಡಬೇಕು. ಅಂಗಡಿ ಮುಂದ ನಿಲ್ಲಸ್ರಿ" ಎಂದರು ಮಾವನವರು.

"ನಿಲ್ಲಸಾಕ ಬರೂದಿಲ್ಲ ಮಾಮಾ."

"ಯಾಕ, ಬ್ರೇಕ್ ಇಲ್ಲೇನು?"

"ಬ್ರೇಕ್ ಅದಾವ. ಬ್ಯಾಟರಿ ಸುಸ್ತಾಗೇತಿ, ಬಂದ್ ಮಾಡಿದ್ರ ಮತ್ತ ಚಾಲೂ ಆಗೂದಿಲ್ಲ. ಚಾಲೂ ಇಟ್ಟ ನಿಂತ್ರ ಇಂಜಿನ್ನಿನ ನೀರ ಕುದೀತೈತಿ."

"ನಾ ಕೊಡೂವಾಗ ಇದು ನಿಲ್ತಿತ್ತು, ಹೋಗ್ತಿತ್ತು, ಎರಡೂ ಮಾಡ್ತಿತ್ತು" ಎಂದರು ಮಾವನವರು.

ಕಾರು ಆಮೆಯಂತೆ ಚಲಿಸುತ್ತಿರುವಾಗಲೇ ಮಾವನವರು ಧೋತರ ಎತ್ತಿ ಹಿಡಿದು ಇಳಿದರು. ನಾನು ಬಜಾರನ್ನು ಸುತ್ತತೊಡಗಿದೆ. ಚೌಕಿನಲ್ಲಿದ್ದ ಪೊಲೀಸ್ ಮೊದಲ ಸುತ್ತಿಗೆ ಸುಮ್ಮನೆ ನೋಡಿದ. ಮುಂದಿನ ಸುತ್ತಿಗೆ, "ದಾರಿ ತಪ್ಪೇತೇನ್ರಿ?" ಎಂದ. ಅದರ ಮುಂದಿನದಕ್ಕೆ, "ಯಾರನ್ನ ಹುಡಕಾಕತ್ತೀರಿ?" ಎಂದ.

"ನಮ್ಮ ಮಾವನ್ನ" ಎಂದು ಕೂಗಿ ಮುಂದೆ ಹೋದೆ.

ಅಂಗಡಿಯಲ್ಲಿ ಮಾವನವರು ಅವಸರ ಮಾಡುವ ಜಾತಿಯವರಲ್ಲ. ರುಚಿ ನೋಡಿ, ಇನ್ನೊಂದು ತರಿಸಿ, ಅಂಟು ಕಡಿಮೆ ಎಂದು ಹೇಳಿ, ಮೊದಲಿನದನ್ನೇ ಕಟ್ಟಿಸಿದರು. ಅಷ್ಟರಲ್ಲಿ ಬಜಾರಿನವರೆಲ್ಲ ನನ್ನ ಪರಿಚಯದವರಾಗಿದ್ದರು. ಹೂವಿನವಳು ಸುಜಾತಾಳ ಜೊತೆ ಒಂದು ಸುತ್ತಿಗೆ ಒಂದು ಮಾತಿನಂತೆ ಸುಖದುಃಖ ವಿಚಾರಿಸುತ್ತಿದ್ದಳು. ಕೊನೆಗೆ ಆ ಪೊಲೀಸನೇ ಎತ್ತಿನ ಗಾಡಿ, ಸೈಕಲ್ಲುಗಳನ್ನು ತಡೆದು, ಮಾವನವರನ್ನು ಪೊಟ್ಟಣ ಸಮೇತ ಬಾಗಿಲೊಳಗೆ ನೂಕಿ, "ಹೋಗಿ ಬರ್ರಿ" ಎಂದ. ಅವನ ದನಿಯಲ್ಲಿ 'ಬರ್ರಿ' ಎಂಬುದು ಅಷ್ಟು ಒತ್ತಾಗಿರಲಿಲ್ಲ.

ಆ ಸುತ್ತುಗಳು ಕುಡಿದ ಪೆಟ್ರೋಲಿನ ಲೆಕ್ಕ ನನ್ನ ತಲೆಗೆ ಹೊಳೆಯಲಿಲ್ಲ. ಮೂಡಲಗಿ ಇನ್ನೇನು ಬಂತು ಎನ್ನುವಾಗ, ಎರಡೂ ಕಡೆ ಕಬ್ಬು ನಿಂತ ರಸ್ತೆಯಲ್ಲಿ ಝೇಂಕಾರ ನಿಂತುಹೋಯಿತು. ಕಬ್ಬಿನ ಗರಿಯ ಸದ್ದು ಸ್ಪಷ್ಟವಾಗಿ ಕೇಳಿಸಿತು. ಮಾವನವರು ಗಡಿಯಾರ ನೋಡಿಕೊಂಡರು. ಅವರ ಮುಖ ಸಣ್ಣದಾಯಿತು. ಬೀಗರು ಬಂದು ಕುಳಿತಾಗ ಮನೆಯ ಯಜಮಾನನೇ ಇಲ್ಲವೆಂದರೆ ಏನೆಂದುಕೊಂಡಾರು? ಆಗ ಮಾತ್ರ ನನಗೆ ನಿಜವಾಗಿ ಹೆದರಿಕೆಯಾಯಿತು.

ಹಿಂದಿನಿಂದ ಒಂದು ಜೀಪು ಬಂದು ನಿಂತಿತು. ಬಿಳಿ ಅಂಗಿ ತೊಟ್ಟ ತರುಣನೊಬ್ಬ ಜಿಗಿದು ಬಂದ. "ಏನಾತ್ರಿ?" ಎನ್ನುತ್ತ ಬಾನೆಟ್ಟಿನೊಳಗೆ ಇಣುಕಿದವನು ಅಲ್ಲೇ ಕಲ್ಲಾದ.

"ಅಣ್ಣಾ, ಇದು ರೋಟರಿ ಅಲ್ಲೇನ್ರಿ?"

ಗುಜರಿಯವನನ್ನು ಬಿಟ್ಟರೆ ಅದನ್ನು ಸರಿಯಾದ ಹೆಸರಿನಿಂದ ಕರೆದ ಮೊದಲ ಮನುಷ್ಯ. ಆತ ತೋಳು ಮಡಚಿದ. ಇಬ್ಬರೂ ಒಳಗೆ ತಲೆ ಹಾಕಿದೆವು. ಸೀಲು ಸವೆದಿರಬಹುದು ಎಂದೆ. ಪ್ಲಗ್ಗು ಇರಬಹುದು ಎಂದ. ಆತ ಕಾರಿನ ಕೆಳಗೆ ಹೋಗಿ ನೋಡಿ, ಬೆನ್ನ ತುಂಬ ಎಣ್ಣೆ ಮಣ್ಣು ಬಳಿದುಕೊಂಡು ಬಂದು, "ಕಾರ್ಬೊರೇಟರ್ ಬಿಚ್ಚೋಣೇನ್ರಿ?" ಎಂದ. ಬಿಚ್ಚಿದೆವು. ಜೀಪಿನಲ್ಲಿದ್ದ ಹಿರಿಯರು, "ಅಜಿತಾ, ಹೊತ್ತಾತು" ಎಂದು ಕರೆಯುತ್ತಲೇ ಇದ್ದರು. ನಮಗೆ ಲೋಕದ ಪರಿವೆ ಇರಲಿಲ್ಲ.

ಕೊನೆಗೆ ಮಾವನವರು ಕೆಮ್ಮಿದರು. "ಪೆಟ್ರೋಲ್ ಐತೇನು ನೋಡ್ರಿ."

ನೋಡಿದೆವು. ಇರಲಿಲ್ಲ.

ಜೀಪು ಡೀಸೆಲ್ಲಿನದು. ಬೇರೆ ದಾರಿ ಕಾಣದೆ ಅಜಿತ ಹಗ್ಗ ತಂದು ನಮ್ಮ ಕಾರನ್ನು ಜೀಪಿಗೆ ಕಟ್ಟಿದ. ಗಂಟು ಬಿಗಿಯುತ್ತಿದ್ದಾಗ ಮಾವನವರು ಉಪಕಾರ ಸ್ಮರಣೆಗೆಂದು ಕೇಳಿದರು. "ತಾವು ಎಲ್ಲಿಯವರ್ರಿ?"

"ಯಮಕನಮರಡಿ ರಿ. ಹೆದ್ದಾರಿ ಮ್ಯಾಲೆ ಸ್ಪೇರ್ ಪಾರ್ಟಿನ ಅಂಗಡಿ ಐತಿ. ಇಲ್ಲೆ ಮೂಡಲಗಿಗಿ ಕನ್ಯಾ ನೋಡಾಕ ಹೊಂಟಿದ್ವಿ."

"ಯಾರ ಮನಿಗಿ?"

"ಬೆಲ್ಲದ ವ್ಯಾಪಾರಿ ಪಾಯಪ್ಪಣ್ಣ ಅಂತ್ರಿ. ಭಾಳ ಶಿಸ್ತಿನ ಮನಶ್ಯಾ ಅಂತ. ಹೊತ್ತಾದ್ರ ಸಿಟ್ಟಾಗ್ತಾರೇನೋ."

ಮಾವನವರು ಕರದಂಟಿನ ಪೊಟ್ಟಣವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು.

"ಆಗೂದಿಲ್ಲ" ಎಂದರು. "ಅವ್ರೂ ಇನ್ನೂ ಮನಿ ಮುಟ್ಟಿಲ್ಲ."

ಹೀಗೆ ಕನ್ಯೆಯ ತಂದೆಯನ್ನು ಹಗ್ಗ ಕಟ್ಟಿ ಎಳೆದುಕೊಂಡು ಗಂಡಿನ ಕಡೆಯವರು ಮೂಡಲಗಿ ಪ್ರವೇಶಿಸಿದರು. ಸುನಂದಾ ಕಿಟಕಿಯಿಂದ ಇದನ್ನೆಲ್ಲ ನೋಡಿದಳು. ಅಜಿತ ಕೈಕಾಲು ತೊಳೆದನಾದರೂ ಬೆನ್ನಿನ ಎಣ್ಣೆ ಹೋಗಿರಲಿಲ್ಲ. ಹುಡುಗಿಗೆ ಏನಾದರೂ ಕೇಳುವುದಿದ್ದರೆ ಕೇಳಲಿ ಎಂದು ಹಿರಿಯರು ಹೇಳಿದಾಗ ಅವಳು ನನ್ನನ್ನೊಮ್ಮೆ ನೋಡಿ ಅವನ ಕಡೆ ತಿರುಗಿದಳು.

"ನಿಮ್ಮನಿಯಾಗೂ ಇಂಥಾ ಇಂಜಿನ್ ಐತೇನ್ರಿ?"

"ಇಲ್ರಿ."

"ತರೂ ವಿಚಾರ?"

ಅಜಿತ ಹೊರಗೆ ನಿಂತ ಕಾರಿನ ಕಡೆ ಒಮ್ಮೆ ನೋಡಿದ. "ಅಂಗಡ್ಯಾಗ ಇಟ್ಟಕೊಂತೇನ್ರಿ. ಮನಿಗಿ ತರೂದಿಲ್ಲ."

ಮೊದಲು ನಕ್ಕವಳು ಸುಜಾತಾ. ಆಮೇಲೆ ಸುನಂದಾ ಸೆರಗು ಬಾಯಿಗೆ ಒತ್ತಿಕೊಂಡಳು. ಬೀಗರ ಮುಂದೆ ಎಂದೂ ಹಲ್ಲು ತೋರಿಸದ ನನ್ನ ಮಾವನವರು ಹೊಟ್ಟೆ ಹಿಡಿದುಕೊಂಡು ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ. ಕರದಂಟು ಅಲ್ಲೇ ಒಡೆದು ಹಂಚಿದರು. ಸಂಬಂಧ ಗಟ್ಟಿಯಾಯಿತು.

ಮದುವೆಯ ನಂತರ ಅಜಿತ ರೋಟರಿ ಇಂಜಿನ್ನನ್ನು ಯಮಕನಮರಡಿಗೆ ಒಯ್ದು ಅಂಗಡಿಯ ಹಿಂದೆ ಇಟ್ಟುಕೊಂಡ. ಬಿಡುವಿದ್ದಾಗ ನಾನೂ ಹೋಗುತ್ತೇನೆ. ಇಬ್ಬರೂ ಅದನ್ನು ಬಿಚ್ಚುತ್ತೇವೆ. ಆತ ಜೋಡಿಸುತ್ತಾನೆ. ಕಾರಿಗೆ ಹಳೆಯ ಇಂಜಿನ್ ಮರಳಿತು, ಕಾರು ಮಾವನವರಿಗೆ ಮರಳಿತು.

ಮೊನ್ನೆ ಮಾವನವರ ಮನೆಗೆ ಯಾರೋ ವ್ಯಾಪಾರಿಗಳು ಬಂದಾಗ ನಾವಿಬ್ಬರೂ ಅಲ್ಲಿದ್ದೆವು. ಮಾವನವರು ಪರಿಚಯ ಮಾಡಿಸಿದರು. "ಇವರು ನಮ್ಮ ಸಣ್ಣ ಅಳಿಯಾ. ಎಂಥಾ ಮೋಟಾರ್ ಇದ್ರೂ ಕೈ ಹಚ್ಚಿದ್ರ ಚಾಲೂ ಆಗಬೇಕು." ನಂತರ ನನ್ನ ಕಡೆ ಕೈ ತೋರಿಸಿದರು. "ಇವರು ದೊಡ್ಡ ಅಳಿಯಾ." ಮುಂದಿನ ಮಾತಿಗಾಗಿ ಬಹಳ ಹೊತ್ತು ಹುಡುಕಿದರು. ಬಂದವರು ಕಾದರು. ನಾನೂ ಕಾದೆ.

"ಇವರ ಸ್ವಭಾವ ಭಾಳ ಛಲೋ" ಎಂದರು.