ಗೋಡೆಯ ಮೇಲಿನ ಮುದುಕ

ಹೆದರಿಕೊಳ್ಳುವ ವಿಷಯದಲ್ಲಿ ಲಿಫ್ಟ್ ಮಾಮನಷ್ಟು ಶ್ರದ್ಧೆಯುಳ್ಳವರು ಆ ಬೀದಿಯಲ್ಲಿ ಮತ್ತೊಬ್ಬರಿರಲಿಲ್ಲ. ಕೆಮ್ಮು ಬಂದರೆ ದೊಡ್ಡ ಕಾಯಿಲೆಯೇ ಬಂತೆಂದು ಹೆದರುವರು, ಕೆಮ್ಮು ನಿಂತರೆ ಒಳಗೇ ಉಳಿದುಬಿಟ್ಟಿತೇನೋ ಎಂದು ಇನ್ನಷ್ಟು ಹೆದರುವರು. ಇಂಥವರಿಗೆ ಹಣೆಯಲ್ಲಿ ಬರೆದ ಕೆಲಸವಾದರೂ ಎಂಥದು? ಲಿಫ್ಟ್ ರಿಪೇರಿ. ಇಪ್ಪತ್ತೆರಡು ವರ್ಷದಿಂದ ಹದಿನಾಲ್ಕು ಮಹಡಿಯ ಕಟ್ಟಡಗಳ ಕತ್ತಲೆಯ ಬಾವಿಯೊಳಗೆ, ಲಿಫ್ಟಿನ ನೆತ್ತಿಯ ಮೇಲೆ ಕುಕ್ಕರುಗಾಲಲ್ಲಿ ಕೂತು, ಹಗ್ಗಗಳಿಗೆ (ಉಕ್ಕಿನವೇ, ಆದರೂ ಹಗ್ಗ ಹಗ್ಗವೇ ತಾನೆ) ಗ್ರೀಸ್ ಹಚ್ಚುತ್ತಾ ಬಂದಿದ್ದರು. ಅವರೇ ಇದ್ದ ಕಟ್ಟಡದ ಲಿಫ್ಟ್ ಮಾತ್ರ ಎಂಟು ತಿಂಗಳಿಂದ ಕೆಟ್ಟು ನಿಂತಿತ್ತು. ಅದನ್ನು ಬಿಟ್ಟಿಯಾಗಿ ಮಾಡಿಕೊಡಿ ಎನ್ನುವವರು ಬೇಕಾದಷ್ಟಿದ್ದರು, ಬಿಡಿಭಾಗಕ್ಕೆ ದುಡ್ಡು ಕೊಡುವವರು ಒಬ್ಬರೂ ಇರಲಿಲ್ಲ. ಹೀಗಾಗಿ ಲಿಫ್ಟ್ ಮಾಮ ದಿನವೂ ನಾಲ್ಕು ಮಹಡಿ ಹತ್ತಿಯೇ ಮನೆ ಸೇರುತ್ತಿದ್ದರು.

ಒಂದು ದಿನ ಕೆಲಸದ ಜಾಗದಲ್ಲಿ ಒಂದು ಸಂಗತಿ ನಡೆಯಿತು. ಐವತ್ತೆಂಟು ವರ್ಷದ ದೊಡ್ಡ ಮೇಸ್ತ್ರಿ ಒಂಬತ್ತನೇ ಮಹಡಿಯ ಹತ್ತಿರ ಲಿಫ್ಟಿನ ನೆತ್ತಿಯ ಮೇಲೆ ಕೂತವರು ಏಳಲೇ ಇಲ್ಲ. ಮೊಣಕಾಲು ಹಿಡಿದುಕೊಂಡಿತ್ತು. ಇಬ್ಬರು ಸೇರಿ, ಕೂತ ಭಂಗಿಯಲ್ಲೇ, ಕುರ್ಚಿ ಎತ್ತುವ ಹಾಗೆ ಅವರನ್ನು ಎತ್ತಿ ಹೊರಗಿಟ್ಟರು. ಆ ಇಬ್ಬರಲ್ಲಿ ಒಬ್ಬರು ಲಿಫ್ಟ್ ಮಾಮ. ಅವತ್ತು ಸಂಜೆಯೇ ಅವರು, ಐವತ್ತು ತುಂಬುತ್ತಲೇ ಈ ಬಾವಿಗೊಂದು ಕೊನೆಯ ನಮಸ್ಕಾರ ಹಾಕಿ, ಕೂಡಿಟ್ಟ ದುಡ್ಡಿನಲ್ಲಿ ನೆಲದ ಮೇಲೆ, ಬೆಳಕಿನಲ್ಲಿ, ಬೆನ್ನಿರುವ ಕುರ್ಚಿಯಲ್ಲಿ ಕೂತು ಬದುಕುವುದೆಂದು ಘೋರ ಪ್ರತಿಜ್ಞೆ ಮಾಡಿದರು. ಆಗ ಅವರಿಗೆ ನಲವತ್ತನಾಲ್ಕು.

ಪ್ರತಿಜ್ಞೆಯೇನೋ ಘೋರವಾಗಿಯೇ ಇತ್ತು, ಬಾಳಿಕೆಯೇ ಕಡಿಮೆ. ಒಂದನೇ ತಾರೀಕು ಉಕ್ಕಿನಂತಿದ್ದದ್ದು ಹತ್ತನೇ ತಾರೀಕಿನ ಹೊತ್ತಿಗೆ ಬೆಣ್ಣೆಯಾಗುತ್ತಿತ್ತು. ದಾರಿಯಲ್ಲಿ ಕರಿದ ತಿಂಡಿಯ ವಾಸನೆ ಬಂದರೆ ಸಾಕು, ನಿವೃತ್ತಿ ಒಂದು ವಾರ ಮುಂದಕ್ಕೆ ಹೋಗುತ್ತಿತ್ತು. ಕೊನೆಗೆ ಫೋನಿನಲ್ಲಿ ಯಾರೋ ಪಂಡಿತನೊಬ್ಬ ಹೇಳಿದ ಉಪಾಯ ಕಿವಿಗೆ ಬಿತ್ತು: ನಿಮ್ಮ ಮುಪ್ಪಿನ ಮುಖವನ್ನು ದಿನಾ ನೋಡಿ, ಉಳಿಸುವ ಬುದ್ಧಿ ತಾನಾಗಿ ಬರುತ್ತದೆ. ಮಾಮ ತಕ್ಷಣ ಮಗಳನ್ನು ಕರೆದರು. ಹದಿನಾರರ ಹುಡುಗಿ, ಫೋನಿನಲ್ಲಿ ಮುಖ ಬದಲಾಯಿಸುವ ವಿದ್ಯೆಯಲ್ಲಿ ಪಾರಂಗತೆ. ಐದು ನಿಮಿಷದಲ್ಲಿ ಮುದುಕ ಸಿದ್ಧನಾದ.

"ನೋಡಪ್ಪಾ, ಎಂಬತ್ತಕ್ಕೆ ನೀನು ಹೀಗಿರ್ತೀಯಂತೆ."

ಬೆಳ್ಳಿ ಕೂದಲು, ಹೊಳೆಯುವ ಕೆನ್ನೆ, ಬಾಯಿ ತುಂಬ ಹಲ್ಲು. ಮಾಮನಿಗೆ ಸಿಟ್ಟೇ ಬಂತು.

"ಏನೇ ಇದು? ಈ ಮುದುಕ ನನಗಿಂತ ಗಟ್ಟಿಮುಟ್ಟಾಗಿದ್ದಾನಲ್ಲ! ಇವನಿಗೋಸ್ಕರ ನಾನ್ಯಾಕೆ ಹೊಟ್ಟೆ ಕಟ್ಟಲಿ? ಕೇಳಿದ್ರೆ ಇವನೇ ನನಗೆ ಕೈಸಾಲ ಕೊಟ್ಟಾನು."

"ಮತ್ತೆ ಹೇಗಿರ್ಬೇಕು?"

"ನೋಡಿದ್ರೆ ಎದೆ ಝಲ್ ಅನ್ಬೇಕು. ಮೊದ್ಲು ಹಲ್ಲು ತೆಗಿ."

ಮಗಳು ಹಲ್ಲು ತೆಗೆದಳು.

"ಸ್ವೆಟರ್ ಹರಿ. ಫುಟ್‌ಪಾತ್ ಮೇಲೆ ಕೂರಿಸು."

"ಕೈಗೊಂದು ಬಟ್ಟಲು ಕೊಡ್ಲಾ?"

ಮಾಮ ಉಗುಳು ನುಂಗಿದರು. "ಕೊಡು... ಖಾಲಿ ಬಟ್ಟಲು."

ಮೂಲೆಯಲ್ಲಿ ಶಾಲೆಯ ಯೂನಿಫಾರಂ ಹೊಲಿಯುತ್ತಿದ್ದ ಹೆಂಡತಿ ಮಿಷನ್ ತುಳಿಯುವುದನ್ನು ನಿಲ್ಲಿಸದೆಯೇ ಹೇಳಿದಳು: "ಪಕ್ಕದಲ್ಲೊಂದು ನಾಯೀನೂ ಮಲಗಿಸೇ. ಪಾಪ, ಮುದುಕರಿಗೆ ಜೊತೆಗೆ ಯಾರಾದ್ರೂ ಇರ್ಲಿ."

ಹೀಗೆ ಸಕಲ ದಾರಿದ್ರ್ಯ ಸಮೇತನಾದ ಎಂಬತ್ತರ ಮುದುಕ, ನಾಯಿಯೊಂದಿಗೆ, ಗಾಜಿನ ಚೌಕಟ್ಟು ಹಾಕಿಸಿಕೊಂಡು ಊಟಕ್ಕೆ ಕೂರುವ ಜಾಗದ ಎದುರಿನ ಗೋಡೆಯನ್ನು ಅಲಂಕರಿಸಿದ.

ಉಪಾಯ ಫಲಿಸಿತು. ಬೇಕಾದದ್ದಕ್ಕಿಂತ ಜಾಸ್ತಿಯೇ ಫಲಿಸಿತು. ಮುದುಕನ ಹಲ್ಲು, ಸ್ವೆಟರ್ ಎಲ್ಲ ಮಗಳ ಕೈಚಳಕ, ಒಪ್ಪೋಣ. ಆದರೆ ಕಣ್ಣು ಮಾಮನದೇ. ಮೂಗಿನ ಪಕ್ಕದ ಮಚ್ಚೆಯೂ ಮಾಮನದೇ. ಎರಡನೇ ಲೋಟ ಚಹಾಕ್ಕೆ ಕೈ ಹೋದರೆ ಆ ಕಣ್ಣು ಲೋಟವನ್ನೇ ನೋಡುತ್ತಿತ್ತು, ಕೈ ತಾನಾಗಿ ಹಿಂದೆ ಬರುತ್ತಿತ್ತು. ಬಸ್ಸು ಬಿಟ್ಟು ನಡೆಯತೊಡಗಿದರು. ಪೇಪರ್ ನಿಲ್ಲಿಸಿದರು. ತಿಂಗಳೆರಡು ಕಳೆಯುವಷ್ಟರಲ್ಲಿ ಮಾಮ ಆ ಮುದುಕನನ್ನು ಬಹುವಚನದಲ್ಲಿ ಕರೆಯತೊಡಗಿದ್ದರು. ನಿಜ ಹೇಳಬೇಕೆಂದರೆ ಅವರಿಗೆ ಆ ಚಿತ್ರ ಕಂಡರೆ ಭಯವಾಗುತ್ತಿತ್ತು. ಊಟದ ಹೊತ್ತಿನಲ್ಲಿ ಬೆನ್ನು ಹಾಕಿ ಕೂತರೂ, ಖಾಲಿ ಬಟ್ಟಲು ಬೆನ್ನಿಗೆ ತಾಗಿದಂತಾಗಿ ತುತ್ತು ಗಂಟಲಲ್ಲಿ ನಿಲ್ಲುತ್ತಿತ್ತು.

"ರೀ, ಮಿಷನ್ನಿಗೊಂದು ಮೋಟಾರು ಹಾಕಿಸಿಕೊಡ್ರೀ," ಎಂದಳು ಹೆಂಡತಿ ಒಂದು ಬೆಳಗ್ಗೆ. "ತುಳಿದೂ ತುಳಿದೂ ಮೊಣಕಾಲು ಊದ್ಕೊಂಡಿದೆ."

ಮಾಮ ಗೋಡೆಯ ಕಡೆ ನೋಡಿದರು. ಗೋಡೆ ಒಪ್ಪಲಿಲ್ಲ.

"ನನಗೆ ಐವತ್ತಾಗ್ಲಿ ಕಣೇ. ಆಮೇಲೆ ಮನೇಲೇ ಇರ್ತೀನಲ್ಲ, ನಾನೇ ತುಳಿದುಕೊಡ್ತೀನಿ."

"ನಿಮಗೆ ಐವತ್ತಾಗೋ ಹೊತ್ತಿಗೆ ನನ್ನ ಕಾಲಿಗೆ ಎಂಬತ್ತಾಗಿರುತ್ತೆ," ಎಂದು ಹೆಂಡತಿ ಮತ್ತೆ ತುಳಿಯತೊಡಗಿದಳು. ಆ ಸದ್ದು ಕೇಳಲಾರದೆ ಮಾಮ ಕೆಲಸಕ್ಕೆ ಅರ್ಧ ಗಂಟೆ ಮುಂಚೆಯೇ ಹೊರಟರು.

ಅಲ್ಲಿ ಬೇರೆಯೇ ಭಯ ಕಾದಿತ್ತು. ಕಂಪನಿಯಲ್ಲಿ ಪಟ್ಟಿಯೊಂದು ತಯಾರಾಗುತ್ತಿದೆಯಂತೆ. ಜನ ಹೆಚ್ಚಾಗಿದ್ದಾರಂತೆ, ಹತ್ತು ಮಂದಿಯನ್ನು ಮನೆಗೆ ಕಳಿಸುತ್ತಾರಂತೆ. ಈ ಅಂತೆಕಂತೆಯನ್ನು ಹೊತ್ತು ತಂದವರು ಟಾರ್ಚಣ್ಣ. ಮಾಮ ಮೇಲೆ ಗ್ರೀಸ್ ಹಚ್ಚುವಾಗ ಪಕ್ಕದಲ್ಲಿ ಟಾರ್ಚ್ ಹಿಡಿಯುವುದು ಅವರ ಉದ್ಯೋಗ. ಸಂಬಳ ಬಂದ ವಾರದಲ್ಲೇ ಅದನ್ನು ಮುಗಿಸಿ ಉಳಿದ ಮೂರು ವಾರ ನಗುನಗುತ್ತಾ ಇರುವುದು ಅವರ ಸ್ವಭಾವ.

"ಬರಿಗೈಲಿ ಕಳಿಸ್ತಾರಾ?" ಎಂದು ಕೇಳಿದ ಮಾಮನ ದನಿ ಅವರಿಗೇ ಕೇಳಿಸಲಿಲ್ಲ.

"ಯಾರಿಗ್ಗೊತ್ತು? ಕಳಿಸಿದ್ರೆ ಹೋಗೋದು," ಎಂದರು ಟಾರ್ಚಣ್ಣ, ಟಾರ್ಚನ್ನು ಬೇರೆಲ್ಲೋ ಬಿಡುತ್ತಾ.

ಮಾಮ ಮೂವತ್ತಾರು ವರ್ಷ ಮುಂಚೆಯೇ ಫುಟ್‌ಪಾತಿನಲ್ಲಿ ಕೂತಂತೆ, ನಾಯಿ ಹತ್ತಿರ ಬಂದು ಮೂಸಿದಂತೆ ಬೆವೆತುಹೋದರು. ಆ ಗಡಿಬಿಡಿಯಲ್ಲೇ ಯಾವುದೋ ಕಟ್ಟಡದ ಲಿಫ್ಟಿನ ಮಿಷನ್ ರೂಮಿನ ಬೀಗದ ಕೈಯನ್ನು ಜೇಬಿನಲ್ಲಿ ಹಾಕಿಕೊಂಡು ಮನೆಗೆ ಬಂದುಬಿಟ್ಟರು.

ಮರುದಿನ ಭಾನುವಾರ. ಬೀಗದ ಕೈ ಹುಡುಕಿಕೊಂಡು, ನಾಲ್ಕು ಮಹಡಿ ಹತ್ತಿ ಏದುಸಿರು ಬಿಡುತ್ತಾ, ಸಾಕ್ಷಾತ್ ಮ್ಯಾನೇಜರೇ ಬಾಗಿಲಿಗೆ ಬಂದರು. ಕೂರಿಸಲು ಇದ್ದದ್ದೊಂದೇ ಕುರ್ಚಿ, ಅದು ಗೋಡೆಯ ಎದುರಿಗೇ.

ಮ್ಯಾನೇಜರು ತಲೆಯೆತ್ತಿದರು. "ಇವರು ಯಾರು?"

ನಾನೇ ಸಾರ್, ಐವತ್ತಕ್ಕೆ ನಿಮ್ಮ ಕೆಲಸ ಬಿಡೋದಕ್ಕೆ ತಯಾರಿ ಮಾಡ್ಕೊಳ್ತಿದ್ದೀನಿ ಎಂದರೆ ಪಟ್ಟಿಯ ತಲೆಯ ಮೇಲೆ ತಾವಾಗಿ ಹೋಗಿ ಕೂತಂತೆ.

"ಅ... ಅಪ್ಪ ಸಾರ್."

ಚಹಾ ತರುತ್ತಿದ್ದ ಹೆಂಡತಿ ನಿಂತಲ್ಲೇ ನಿಂತಳು. ಮಗಳು ಪುಸ್ತಕದೊಳಗೆ ಮುಖ ಹುದುಗಿಸಿದಳು, ಭುಜ ಮಾತ್ರ ಕುಲುಕುತ್ತಿತ್ತು.

"ಹೌದು, ಮಚ್ಚೆ ಕೂಡ ನಿಮ್ಮದೇ," ಎಂದರು ಮ್ಯಾನೇಜರು ಕನ್ನಡಕ ತೆಗೆಯುತ್ತಾ. "ಆದ್ರೆ ಈ ಸ್ಥಿತೀಲಿ...?"

"ಹಟ ಸಾರ್. ಎಷ್ಟು ಕರೆದ್ರೂ ಮನೇಲಿ ನಿಲ್ಲಲ್ಲ, ಮತ್ತೆ ಅಲ್ಲೇ ಹೋಗಿ ಕೂರ್ತಾರೆ. ಮರೀಬಾರ್ದು ಅಂತ ಎದುರಿಗೇ ಹಾಕ್ಕೊಂಡಿದ್ದೀನಿ."

"ನಿಮ್ಮ ಸಂಬಳವೇ ಅವರಿಗೆ ಆಧಾರ?"

"ಹೌದು ಸಾರ್. ಅದೂ ನಿಂತುಹೋದ್ರೆ ಇವರಿಗೆ ಆ ಫುಟ್‌ಪಾತೇ ಗತಿ." (ಅವತ್ತು ಮಾಮ ಆಡಿದ ನಿಜ ಇದೊಂದೇ.)

ಮ್ಯಾನೇಜರು ಕಣ್ಣೊರೆಸಿಕೊಂಡು ಬೀಗದ ಕೈ ತೆಗೆದುಕೊಂಡು ಹೋದರು. ಬಾಗಿಲು ಮುಚ್ಚಿದ್ದೇ ತಡ, ಹೆಂಡತಿ ಸೊಂಟಕ್ಕೆ ಕೈಯಿಟ್ಟಳು.

"ನಮ್ಮ ಮಾವ ಹನ್ನೆರಡು ವರ್ಷದ ಹಿಂದೆ ಇಸ್ತ್ರಿ ಮಾಡಿದ ಅಂಗಿ ತೊಟ್ಕೊಂಡು, ಎರಡನೇ ಲೋಟ ಚಹಾ ಕುಡಿದು, ನೆಮ್ಮದಿಯಾಗಿ ಹೋದವ್ರು. ಅವರ ಕೈಗೆ ಬಟ್ಟಲು ಕೊಟ್ರಲ್ರೀ!"

"ಹೊಟ್ಟೆಪಾಡು ಕಣೇ," ಎಂದರು ಮಾಮ. ಸತ್ತ ಅಪ್ಪನ ಭಯವೂ ಅವತ್ತಿನಿಂದ ಲೆಕ್ಕಕ್ಕೆ ಸೇರಿತು.

ನಾಲ್ಕು ದಿನ ಬಿಟ್ಟು ಮ್ಯಾನೇಜರಿಂದ ಕರೆ ಬಂತು. ಕೋಣೆಯ ಹೊರಗಿನ ಬೆಂಚಿನ ಮೇಲೆ ಕಳೆದ ಮುಕ್ಕಾಲು ಗಂಟೆಯಲ್ಲಿ ಮಾಮ ಜೀವ ಕೈಯಲ್ಲಿ ಹಿಡಿದುಕೊಂಡಿದ್ದರು. ಹದಿನಾಲ್ಕು ಮಹಡಿಯ ಬಾವಿಯೂ ಅವರನ್ನು ಇಷ್ಟು ಹೆದರಿಸಿರಲಿಲ್ಲ. ಒಳಗೆ ಹೋದರೆ ಮ್ಯಾನೇಜರು ಎದ್ದು ನಿಂತು ಕೈ ಹಿಡಿದುಕೊಂಡರು.

"ಪಟ್ಟೀಲಿ ನಿಮ್ಮ ಹೆಸರೇ ಮೊದಲಿತ್ತು. ನಾನೇ ಹಟ ಹಿಡಿದು ಹೊಡೆದುಹಾಕಿಸಿದೆ. ಅಂಥ ತಂದೆಯನ್ನ ಸಾಕೋ ಮಗನನ್ನ ನಡುನೀರಲ್ಲಿ ಕೈಬಿಡೋಕಾಗುತ್ತೇನ್ರೀ? ಅರವತ್ತಾಗೋವರೆಗೂ ನಿಮ್ಮನ್ನ ಯಾರೂ ಅಲ್ಲಾಡಿಸಲ್ಲ, ಹೋಗಿ."

ಮಾಮ ಕೈಮುಗಿದು ಹೊರಗೆ ಬಂದರೆ, ಟಾರ್ಚಣ್ಣ ಕಾಗದವೊಂದನ್ನು ಬೀಸುತ್ತಾ ಕುಣಿಯುತ್ತಿದ್ದರು.

"ನನ್ನ ಹೆಸರು ಬಂತು ಮಾರಾಯಾ, ಪಟ್ಟೀಲಿ!"

"ಅಯ್ಯೋ ಪಾಪ!"

"ಪಾಪ ಯಾಕೆ? ಆರು ವರ್ಷದ ಸಂಬಳ ಒಂದೇ ಗಂಟು! ಮೇಲೆ ತಿಂಗಳಾ ತಿಂಗಳಾ ಪಿಂಚಣಿ! ನಾಳೆಯಿಂದ ಗಾಳ ಹಾಕ್ಕೊಂಡು ಕೆರೆ ದಂಡೇಲಿ ಕೂತ್ಕೊಳ್ಳೋದೇ. ನಾನು ಪಟ್ಟೀಲಿ ಇರಲೇ ಇಲ್ಲವಂತೆ. ಕೊನೇ ಗಳಿಗೇಲಿ ಯಾರದೋ ಹೆಸರು ಹೊಡೆದು ನಂದು ಹಾಕಿದ್ರಂತೆ. ಯಾರೋ ಪುಣ್ಯಾತ್ಮ, ಅವನ ಹೊಟ್ಟೆ ತಣ್ಣಗಿರ್ಲಿ!"

ಪುಣ್ಯಾತ್ಮನ ಹೊಟ್ಟೆ ನಿಜಕ್ಕೂ ತಣ್ಣಗಾಗಿಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅದೂ ಸಾಲದೆಂಬಂತೆ, ತುತ್ತನ್ನು ತಟ್ಟಿ ಬೀಳಿಸಿದ್ದು ತಮ್ಮದೇ ಕೈ. ಮಾಮ ದಡದಡನೆ ಮತ್ತೆ ಒಳಗೆ ನುಗ್ಗಿದರು.

"ಸಾರ್, ನಮ್ಮಪ್ಪ..."

"ಏನಾಯ್ತು ಅವರಿಗೆ?" ಮ್ಯಾನೇಜರು ಗಾಬರಿಯಿಂದ ಎದ್ದರು.

ಸತ್ತರು ಎನ್ನೋಣವೇ? ಅಂತ್ಯಕ್ರಿಯೆಗೆ ಇಡೀ ಕಂಪನಿ ಬರುತ್ತದೆ. ಅವರು ನಾನೇ ಎನ್ನೋಣವೇ? ಸುಳ್ಳು ಹೇಳಿದ್ದಕ್ಕೆ ಗಂಟೂ ಇಲ್ಲ, ಕೆಲಸವೂ ಇಲ್ಲ.

"ನಿಮಗೆ ನಮಸ್ಕಾರ ಹೇಳಿದ್ರು ಸಾರ್."

"ಒಳ್ಳೇ ನೆನಪು ಮಾಡಿದ್ರಿ," ಎಂದು ಮ್ಯಾನೇಜರು ಬೀರು ತೆಗೆದರು. "ನಾವೆಲ್ಲ ಸೇರಿ ಅವರಿಗೊಂದು ಕಂಬಳಿ, ಒಂದು ಊರುಗೋಲು ತಂದಿದ್ದೀವಿ. ಅವರ ಕೈಗೇ ಕೊಡಿ."

ಕಂಬಳಿಯನ್ನು ಹೆಗಲ ಮೇಲೆ ಹಾಕಿಕೊಂಡು ಮಾಮ ನಡೆದೇ ಮನೆ ತಲುಪಿದರು. ಎರಡನೇ ಮಹಡಿಗೆ ಎಡಗಾಲಿನ ಮೊಣಕಾಲು ಕಟಕ್ ಎಂದಿತು. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಕೋಲೂರಿದರು. ಹಾಗೆಯೇ ಊರಿಕೊಂಡು ನಾಲ್ಕನೆಯದನ್ನೂ ಹತ್ತಿದರು. ಬಾಗಿಲು ತೆರೆದ ಮಗಳು ಒಮ್ಮೆ ಅಪ್ಪನನ್ನು, ಒಮ್ಮೆ ಗೋಡೆಯನ್ನು ನೋಡಿದಳು.

"ಯಾರೇ ಬಂದಿದ್ದು?" ಒಳಗಿಂದ ಹೆಂಡತಿಯ ದನಿ.

"ಅಜ್ಜ ಬಂದ್ರಮ್ಮಾ!"

ಕಥೆಯೆಲ್ಲ ಕೇಳಿ ಹೆಂಡತಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಊದಿದ ಮೊಣಕಾಲನ್ನು ನೀವಿಕೊಳ್ಳುತ್ತಾ ಕೇಳಿದಳು: "ಹಂಗಾದ್ರೆ ಇನ್ನೂ ಹದಿನಾರು ವರ್ಷ ಸಂಬಳ ಗಟ್ಟಿ?"

"ಹೂಂ," ಎಂದರು ಮಾಮ. ಆ ಹದಿನಾರು ವರ್ಷವೂ ಕುಕ್ಕರುಗಾಲಲ್ಲಿ ಕಣ್ಣ ಮುಂದೆ ಬಂದು ಕೂತಿತ್ತು.

"ನಾಳೆ ಮೋಟಾರು ತನ್ನಿ."

ಅಭ್ಯಾಸಬಲದಿಂದ ಮಾಮನ ಕಣ್ಣು ಗೋಡೆಯತ್ತ ಹೊರಳಿತು.

"ಅವರನ್ನೇನು ನೋಡ್ತೀರಿ?" ಎಂದಳು ಹೆಂಡತಿ. "ಅವರಿಗೆ ಕೋಲೂ ಸಿಕ್ತು, ಕಂಬಳೀನೂ ಸಿಕ್ತು. ಈಗ ನನ್ನ ಸರದಿ."

ಮಾಮ ಮರುದಿನವೇ ಮೋಟಾರು ತಂದರು. ಅದನ್ನು ಹೊತ್ತು ನಾಲ್ಕು ಮಹಡಿ ಹತ್ತುವಾಗ ಅಪ್ಪನ ಊರುಗೋಲು ಬಹಳ ಉಪಯೋಗಕ್ಕೆ ಬಂತು.