ಕಾಮಣ್ಣನ ಹುಣ್ಣಿಮೆ, ಹೊಳೆಪ್ಪನ ಕಾವಲು

ಅಣ್ಣಿಗೇರಿಯ ಹುಣಸಿಗಿಡದ ಓಣಿಯ ಹೊಳೆಪ್ಪನ ಲಗ್ನ ಒಂದೇ ಒಂದು ಶಬ್ದಕ್ಕೆ ಸಿಕ್ಕಿಕೊಂಡು ನಿಂತಿತ್ತು. ಆ ಶಬ್ದ 'ಅನುಭವ'.

ಯರಗುಪ್ಪಿಯ ಈರಬಸಪ್ಪ ತನ್ನ ಮಗಳು ಅನ್ನವ್ವನನ್ನು ಕೊಡಲು ಒಪ್ಪಿದ್ದ. ಹುಡುಗ ಗಟ್ಟಿಮುಟ್ಟಾಗಿದ್ದಾನೆ, ಹುಡುಗಿ ಒಲ್ಲೆ ಎಂದಿಲ್ಲ. ಮನೆ ಸಣ್ಣದಾದರೂ ಅಜ್ಜನ ಕಾಲದ ಸಾಗವಾನಿ ಬಾಗಿಲಿದೆ. ಒಂಟಿ ಕದದ ಆ ಬಾಗಿಲನ್ನು ಹೊಳೆಪ್ಪನ ತಾಯಿ ರೇವವ್ವ ಬಂದವರಿಗೆಲ್ಲ ಮಗನಿಗಿಂತ ಮೊದಲು ತೋರಿಸುತ್ತಿದ್ದಳು. ಎಲ್ಲ ಸರಿ, ಆದರೆ ಹುಡುಗನಿಗೆ ನೌಕರಿ ಬೇಕು. ಹೋಳಿ ಹುಣ್ಣಿಮೆಯ ದಿನ ತಾನೇ ಬಸ್ಸಿಗೆ ಬಂದು ಕಣ್ಣಾರೆ ನೋಡುವುದಾಗಿಯೂ, ನೌಕರಿ ಕಂಡರೆ ಅವತ್ತೇ ಮಾತು ಮುಗಿಸುವುದಾಗಿಯೂ, ಕಾಣದಿದ್ದರೆ ಬಂದ ಬಸ್ಸು ತಿರುಗುವುದರೊಳಗೆ ತಾನೂ ತಿರುಗುವುದಾಗಿಯೂ ಈರಬಸಪ್ಪ ಹೇಳಿ ಕಳಿಸಿದ್ದ.

ದೇವರು ಹೊಳೆಪ್ಪನನ್ನು ವಾಚ್‌ಮನ್ ಮಾಡಲೆಂದೇ ಮಣ್ಣು ಕಲಸಿದ್ದ. ಅವನು ಓಣಿಯಲ್ಲಿ ನಡೆದರೆ ಎರಡೂ ಬದಿಯ ಮನೆಗಳ ನೆಲುವಿನ ಗಡಿಗೆಗಳು ತಮ್ಮತಮ್ಮಲ್ಲಿ ಮಾತಾಡುತ್ತಿದ್ದವು. ಒಮ್ಮೆ ಸಂತೆಯಲ್ಲಿ ಸೀನಿದಾಗ ಗದಗಿನ ಗಾಡಿ ಬಂತೆಂದು ಜನ ಸ್ಟೇಷನ್ನಿಗೆ ಓಡಿದ್ದರು. ಅಣ್ಣಿಗೇರಿಯ ಜನ ಯಾವುದನ್ನೂ ಹೆಚ್ಚು ಮಾಡಿ ಹೇಳುವವರಲ್ಲ, ಹಾಗಾಗಿ ಇದನ್ನು ನಂಬಲೇಬೇಕು. ಇಂಥ ಆಳು ಹತ್ತಿ ಗಿರಣಿ, ಕಾಳಿನ ಗೋದಾಮು, ಟೆಂಟ್ ಸಿನೆಮಾ ಎಂದು ಹದಿನೇಳು ಬಾಗಿಲು ತಟ್ಟಿದ. ಹದಿನೇಳೂ ಕಡೆ ಒಂದೇ ಪ್ರಶ್ನೆ: ಅನುಭವ ಎಷ್ಟೈತಿ? ಕೆಲಸ ಸಿಗದೆ ಅನುಭವ ಬಾರದು, ಅನುಭವ ಬಾರದೆ ಕೆಲಸ ಸಿಗದು. ಈ ಗಾಣ ತಿರುಗಿ ತಿರುಗಿ ಹೊಳೆಪ್ಪನ ಎರಡು ಜೊತೆ ಕಾಲ್ಮರಿ ಸವೆದವು.

ಹುಣ್ಣಿಮೆಯ ಬೆಳಿಗ್ಗೆ ಉಳಿದದ್ದು ಒಂದೇ ಜಾಗ, ಸ್ಟೇಷನ್ ರಸ್ತೆಯ ದಾವೂದಸಾಬನ ಕಟ್ಟಿಗೆ ಅಡ್ಡೆ. ಅಲ್ಲಿಗೆ ಹೋಗಲು ಹೊಳೆಪ್ಪ ಇಷ್ಟು ದಿನ ಹಿಂಜರಿದದ್ದಕ್ಕೆ ಕಾರಣವಿತ್ತು. ಹೋಳಿ ಹುಣ್ಣಿಮೆಗೆ ಕಾಮಣ್ಣನನ್ನು ಸುಡಲು ಓಣಿಯ ಹುಡುಗರು ಕಟ್ಟಿಗೆ ಕದಿಯುವುದು ತಲೆತಲಾಂತರದ ಪದ್ಧತಿ. ಕೊಂಡು ತಂದ ಕಟ್ಟಿಗೆಯಿಂದ ಸುಟ್ಟರೆ ಕಾಮಣ್ಣನಿಗೇ ಅವಮಾನ. ಒಮ್ಮೆ ಕಾಮಣ್ಣನ ಒಟ್ಟಿಲ ಮೇಲೆ ಬಿದ್ದದ್ದನ್ನು ಯಾವ ಸಾಹುಕಾರನೂ ತಿರುಗಿ ಕೇಳುವಂತಿಲ್ಲ. ಹುಣಸಿಗಿಡದ ಓಣಿಯ ಹುಡುಗರಿಗೆ ಹನ್ನೆರಡು ವರ್ಷದಿಂದ ಹೊಳೆಪ್ಪನೇ ಮುಖಂಡ, ದಾವೂದಸಾಬನ ಅಡ್ಡೆಯೇ ಉಗ್ರಾಣ.

ಹೆದರುತ್ತಲೇ ಹೊರಟ. ಒಬ್ಬನೇ ಹೋಗಿದ್ದರೆ ಹೇಗೋ ಆಗುತ್ತಿತ್ತು. ಬಾಜು ಮನೆಯ ಮಹಾದೇವಕ್ಕ, ನಾಲ್ಕು ಒಳ್ಳೆಯ ಮಾತು ಹೇಳಲು ಒಬ್ಬರು ಬೇಕಲ್ಲವೇ ಎಂದು ಬೆನ್ನು ಹತ್ತಿದಳು.

ದಾವೂದಸಾಬ ಗರಗಸಕ್ಕೆ ಎಣ್ಣೆ ಬಿಡುತ್ತ, ತಲೆ ಎತ್ತದೆ ಹದಿನೆಂಟನೆಯ ಸಲ ಅದೇ ಪ್ರಶ್ನೆ ಕೇಳಿದ. ಹೊಳೆಪ್ಪ ತನ್ನ ಕಾಲ್ಬೆರಳು ಎಣಿಸತೊಡಗಿದ.

"ಅನುಭವ ಇಲ್ಲ ಅಂತ ಯಾರಂತಾರ್ರಿ?" ಮಹಾದೇವಕ್ಕ ಮುಂದೆ ಬಂದಳು. "ಹನ್ನೆರಡು ವರ್ಷ ಆತು, ನಿಮ್ಮ ಅಡ್ಡೇದಾಗಿಂದ ಕಾಮಣ್ಣಗ ಕಟ್ಟಿಗಿ ಹೋಗೂದು ಇವನ ಕೈಲೇನ. ನಿಮ್ಮ ಗ್ವಾಡಿ ಎಲ್ಲಿ ಕುಸದೈತಿ ಅನ್ನೂದು ನಿಮಗ ಗೊತ್ತಿರಲಿಕ್ಕಿಲ್ಲ, ಇವಗ ಗೊತ್ತೈತಿ. ಹ್ವಾದ ವರ್ಷ ನನ್ನ ಒನಕಿನೂ ಇವನ ಒಯ್ದಾನ."

ಹೊಳೆಪ್ಪನ ಮೀಸೆ ಬಿಸಿಲಿಗಿಟ್ಟ ಮೆಂತೆ ಸೊಪ್ಪಿನಂತೆ ಇಳಿಯಿತು. ದಾವೂದಸಾಬ ಎಣ್ಣೆ ಡಬ್ಬಿ ಕೆಳಗಿಟ್ಟು, ತೊಲೆ ಅಳೆಯುವವನಂತೆ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಹ್ವಾದ ವರ್ಷದ ಸಾಗವಾನಿ ತೊಲಿ?"

"ನಾನ ರೀ."

"ಒಬ್ಬನ?"

"ಒಬ್ಬನ ರೀ. ಉಳದವ್ರು ಹಲಗಿ ಬಾರಸಾಕತ್ತಿದ್ರು."

ದಾವೂದಸಾಬ ಗಡ್ಡ ನೀವಿಕೊಂಡ. "ಒಳಗ ಬಾ ತಮ್ಮಾ. ಇವತ್ತೊಂದು ದಿನ ಕುಂತು ತೋರಸು. ಒಂದು ಚಕ್ಕಿನೂ ಹೊರಗ ಹೋಗಬಾರದು. ಮುಂದಿಂದು ನಾಳೆ ಮಾತಾಡೂಣು."

ಹಳೆಯ ವಾಚ್‌ಮನ್ನನ ಖಾಕಿ ಕೋಟು ಬಂತು. ಅದರ ತೋಳು ಹೊಳೆಪ್ಪನ ಮೊಳಕೈಗೇ ಮುಗಿದು ಹೋಯಿತು, ಗುಂಡಿಗಳು ಹೊಟ್ಟೆಯ ಎದುರು ಕೈಮುಗಿದವು. ಸೀಟಿ ಊದಿದರೆ ಮೊದಲು ಒಂದು ಜೇಡ ಹೊರಬಂತು, ಅದರ ಹಿಂದೆ ಸಪ್ಪಳ. ಆದರೂ ಬೇವಿನ ಗಿಡದ ಕೆಳಗೆ ಕುರ್ಚಿ ಹಾಕಿ ಕುಳಿತಾಗ ಹೊಳೆಪ್ಪನಿಗೆ ಅಣ್ಣಿಗೇರಿಯಿಂದ ಹುಬ್ಬಳ್ಳಿಯವರೆಗಿನ ರಸ್ತೆಯೆಲ್ಲ ತನ್ನ ಸ್ವಾಧೀನಕ್ಕೆ ಬಂದಂತಾಯಿತು.

ಹತ್ತೂವರೆಗೆ ಈರಬಸಪ್ಪ ಬಸ್ಸಿಳಿದು, ದಾರಿ ಕಾಯುತ್ತಿದ್ದ ಮಹಾದೇವಕ್ಕನಿಂದ ಸುದ್ದಿ ಕೇಳಿ ನೇರ ಅಲ್ಲಿಗೇ ಬಂದ. ಹೊಲವನ್ನು ಮಕ್ಕಳಿಗೆ ಹಂಚಿ, ಮನೆಯಲ್ಲಿ ಮೂವರು ಸೊಸೆಯಂದಿರ ಜಗಳ ಕೇಳುತ್ತ ಕೂತಿದ್ದ ಬಡಕಲು ಮನುಷ್ಯ. ಅಳಿಯನಾಗುವವನ ಕೋಟು ನೋಡಿದ, ಸೀಟಿ ಊದಿಸಿ ಕೇಳಿದ. ಕುರ್ಚಿಯಲ್ಲಿ ತಾನೂ ಒಂದು ಗಳಿಗೆ ಕೂತು ನೋಡಿ, ನೆರಳು ಅಗದಿ ತಂಪಾಗಿದೆ ಎಂದ. ಸಂಜೆಗೆ ಮಾತು ಮುಗಿಸೋಣ ಎಂದು ಹೇಳಿ, ರೇವವ್ವ ಮಾಡಿದ ಹೋಳಿಗೆಯ ವಾಸನೆ ಹಿಡಿದು ಓಣಿಗೆ ನಡೆದ. ಹೊಳೆಪ್ಪನ ಎದೆ ಉಬ್ಬಿತು, ಕೋಟಿನ ಒಂದು ಗುಂಡಿ ಹಾರಿ ರಸ್ತೆಯಾಚೆ ಬಿತ್ತು.

ಹನ್ನೊಂದಕ್ಕೆ ಹಲಗೆಯ ಸಪ್ಪಳ ಕೇಳಿತು. ಓಣಿಯ ಹುಡುಗರನ್ನು ಕಟ್ಟಿಕೊಂಡು ಮಡಿವಾಳೆಪ್ಪ ಬಂದಿದ್ದ. ಹೊಳೆಪ್ಪನ ಬಲಗೈ ಬಂಟ, ಇವತ್ತು ಮುಖಂಡನಿಲ್ಲದ ದಂಡಿಗೆ ಅವನೇ ಮುಖಂಡ. ಗೇಟಿನ ಎದುರು ಕುಣಿತ ರಂಗೇರಿತು. ಹೊಳೆಪ್ಪ ಅತ್ತ ನೋಡಲೇ ಇಲ್ಲ, ಕುರ್ಚಿ ಎತ್ತಿಕೊಂಡು ಹಿಂದಿನ ಕುಸಿದ ಗೋಡೆಯ ಬಳಿ ಹೋಗಿ ಕುಳಿತ. ಗೋಡೆಯಾಚೆಯಿಂದ ಕೊಕ್ಕೆ ಕೋಲು ಹಿಡಿದ ಒಂದು ಕೈ ಮೆಲ್ಲಗೆ ಬಂತು. ಆ ಉಪಾಯವನ್ನು ಕಲಿಸಿದವನೇ ಅವನು. ಕೈಯನ್ನು ಪ್ರೀತಿಯಿಂದ ಕುಲುಕಿ, ಹುಣ್ಣಿಮೆಯ ಶುಭಾಶಯ ಹೇಳಿ ಕಳಿಸಿದ.

ಮಧ್ಯಾಹ್ನ ಹೆಣ ಬಂತು. ಜೀವಂತ ಹುಡುಗನೊಬ್ಬನನ್ನು ಚಟ್ಟಕ್ಕೆ ಕಟ್ಟಿ, ಬಾಯಿ ಬಡಿದುಕೊಳ್ಳುತ್ತ ಮೆರೆಸುವುದು ಹೋಳಿಯ ಆಟ. ಗೇಟಿನಲ್ಲಿ ಚಟ್ಟ ಇಳಿಸಿ, ಸತ್ತವನಿಗೆ ನಾಲ್ಕು ಕೊರಡು ಕೊಡದಿದ್ದರೆ ಏಳುವುದಿಲ್ಲ ಎಂದು ಮಡಿವಾಳೆಪ್ಪ ಹಟ ಹಿಡಿದ. ಇದೂ ಹೊಳೆಪ್ಪನ ಹಳೆಯ ಉಪಾಯವೇ. ಬಿಸಿಲಲ್ಲಿ ಹೆಣ ಇಡಬಾರದು, ನೆರಳಿಗೆ ಇಡಿ ಎಂದು ಜಾಗ ತೋರಿಸಿದ. ಅಲ್ಲಿ ಕೆಂಪಿರುವೆಗಳ ಗೂಡಿತ್ತು. ಹೆಣ ಇಪ್ಪತ್ತು ಎಣಿಸುವವರೆಗೆ ಸತ್ತೇ ಇತ್ತು, ಮೂವತ್ತಕ್ಕೆ ಕಿವಿ ಅಲುಗಿಸಿತು, ನಲವತ್ತಕ್ಕೆ ಚಟ್ಟವನ್ನು ಬೆನ್ನಿಗೆ ಕಟ್ಟಿಕೊಂಡೇ ಎದ್ದು ಸ್ಟೇಷನ್ನಿನ ಕಡೆ ಓಡಿತು. ಅದು ದಾಟಿದ ವೇಗಕ್ಕೆ ಹುಬ್ಬಳ್ಳಿಯ ಗಾಡಿ ನಾಚಿಕೊಂಡು ಹತ್ತು ಮಿನಿಟು ತಡವಾಗಿ ಬಂತಂತೆ.

"ಅಣ್ಣಾ, ನೀ ಹಿಂಗ ಆಕ್ಕೀಯಂತ ತಿಳದಿದ್ದಿಲ್ಲ," ಮಡಿವಾಳೆಪ್ಪ ಹೋಗುವಾಗ ಅಂದ. "ಆದ್ರ ಕಾಮಣ್ಣನ ಕೆಲಸ ನಿಲ್ಲಂಗಿಲ್ಲ."

ನಾಲ್ಕು ಗಂಟೆಗೆ ಅದೇ ದಂಡು, ಅದೇ ಹೆಣ ಮತ್ತೆ ಬಂತು. ಈ ಸಲ ಗೇಟಿನಲ್ಲಿ ನಿಲ್ಲಲಿಲ್ಲ, ರಸ್ತೆಯ ಆಚೆ ಬದಿಯಲ್ಲೇ ಕಾಮಣ್ಣನ ಒಟ್ಟಿಲ ಕಡೆ ಸಾಗಿತು. ಹೆಣದ ಕೆಳಗೆ ಕಂಬಳಿ, ಕಂಬಳಿಯ ತುಂಬ ಬಣ್ಣ. ಹೊಳೆಪ್ಪ ಎದ್ದು ಹೋಗಿ ಅಡ್ಡಗಟ್ಟಿದ.

"ಚಟ್ಟ ಯಾಕೋ ಅಗಲ ಆಗೈತಲ್ಲಲೇ?"

"ಹೆಣ ಉಬ್ಬೇತಣ್ಣಾ. ಇರಬಿ ಕಡದಾವಲ್ಲ."

ದಾವೂದಸಾಬನ ಮಾಲಿಗೆಲ್ಲ ತುದಿಯಲ್ಲಿ ನೀಲಿ ಬಣ್ಣದ ಗುರುತಿರುತ್ತಿತ್ತು. ಹೊಳೆಪ್ಪ ಬಗ್ಗಿ, ಕಂಬಳಿಯ ಅಂಚೆತ್ತಿ ನೋಡಿದ. ನೀಲಿ ಇರಲಿಲ್ಲ. ಗೆಣ್ಣಿಲ್ಲದ, ಹಳೆಯ, ಬಂಗಾರದಂಥ ಸಾಗವಾನಿ ಮಾತ್ರ ಕಂಡಿತು. ಯಾರದೋ ಮನೆಯದು, ಪಾಪ, ನೋಡಿಕೊಳ್ಳಲು ಬಾರದವನು ಎಂದು ಮರುಗಿದ. ಅಡ್ಡೆಯ ಮಾಲಲ್ಲವೆಂದ ಮೇಲೆ ತಡೆಯುವ ಅಧಿಕಾರ ಅವನಿಗಿಲ್ಲ. ಗಟಾರ ದಾಟಿಸುವಾಗ ಭಾರಕ್ಕೆ ಹುಡುಗರು ತತ್ತರಿಸಿದರು. ಹನ್ನೆರಡು ವರ್ಷದ ಚಟ ಸುಮ್ಮನಿರಲು ಬಿಡಲಿಲ್ಲ, ತಾನೂ ಒಂದು ಮೂಲೆಗೆ ಹೆಗಲು ಕೊಟ್ಟ. ಮಡಿವಾಳೆಪ್ಪ ಕಣ್ಣಲ್ಲಿ ನೀರು ತಂದುಕೊಂಡು ಅವನ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಹಳೆಯ ಗೆಳೆಯನ ಭಕ್ತಿಗೆ ಮೆಚ್ಚಿ ಹೊಳೆಪ್ಪ ಅವನ ತಲೆ ಸವರಿ ಕಳಿಸಿದ.

ಸಂಜೆ ಕಾಮಣ್ಣ ಉರಿದ. ಜ್ವಾಲೆ ಎಷ್ಟೆತ್ತರ ಎದ್ದಿತೆಂದರೆ ನವಲಗುಂದದವರು ಹೊತ್ತು ಮತ್ತೆ ಹುಟ್ಟಿತೆಂದು ಎತ್ತು ಹೂಡಿದರು. ಇತ್ತ ದಾವೂದಸಾಬ ಮಾಲು ಎಣಿಸಿ ನೋಡಿದ, ಒಂದು ಚಕ್ಕೆಯೂ ಹೋಗಿರಲಿಲ್ಲ. ಸಂತೋಷಕ್ಕೆ ಹೊಳೆಪ್ಪನ ಬೆನ್ನು ಚಪ್ಪರಿಸಿದ. ಮನೆಗೆ ಬಂದು ಮಾವನಾಗುವವರ ಎದುರು ಈ ಮಾತನ್ನೊಮ್ಮೆ ಹೇಳಬೇಕೆಂದು ಹೊಳೆಪ್ಪ ಅಂಗಲಾಚಿದ. ಇಬ್ಬರೂ ಓಣಿಗೆ ಹೊರಟರು.

ಹೊಳೆಪ್ಪ ತನ್ನ ಮನೆ ದಾಟಿ ಎರಡು ಮನೆ ಮುಂದೆ ಹೋಗಿಬಿಟ್ಟ. ತಿರುಗಿ ಬಂದು ನೋಡಿದರೆ ಮನೆ ಬಾಯಿ ತೆರೆದು ನಿಂತಿತ್ತು. ಬಾಗಿಲಿರಲಿಲ್ಲ. ಬಾಗಿಲಿದ್ದಲ್ಲಿ ಈರಬಸಪ್ಪ ಮಹಾದೇವಕ್ಕನ ಹೊಸ ಒನಕೆಯನ್ನು ಅಡ್ಡ ಹಿಡಿದು ಹೊಸ್ತಿಲ ಮೇಲೆ ಕುಳಿತಿದ್ದ. ರೇವವ್ವ ತುಂಬಿದ ಕೊಡದೊಂದಿಗೆ ಎದುರು ಮನೆಯ ಕಟ್ಟೆಯ ಮೇಲಿದ್ದಳು.

"ನನ್ನ ಮನ್ಯಾಗ ನನ್ನ ಬಿಡವಲ್ಲನೋ ಹೊಳ್ಯಾ," ಎಂದು ಗೋಳಾಡಿದಳು. "ನಾಕರಿಂದ ಕುಂತೀನಿ. ಯಾರ ಪೈಕಿ, ಯಾವ ಮನಿತನ, ಅಂತ ಕೇಳ್ತಾನ. ಹೇಳಿದ್ರ ಸಾಕ್ಷಿ ತಾ ಅಂತಾನ."

ನಡೆದದ್ದು ಇಷ್ಟು. ಒಂಬತ್ತು ಹೋಳಿಗೆ ಉಂಡು ಈರಬಸಪ್ಪ ಮಲಗಿದ್ದಾಗ, ರೇವವ್ವ ನೀರಿಗೆ ಹೋದಾಗ, ಹುಡುಗರು ಕದ ಕಳಚಿ ಒಯ್ದರು. ಮುಖಕ್ಕೆ ಬಿಸಿಲು ಬಿದ್ದು ಎದ್ದವನು ಆವಾಗಿನಿಂದ ಜಾಗ ಬಿಟ್ಟಿರಲಿಲ್ಲ. ಹೊರಸು ಒಯ್ಯಲು ಹುಡುಗರು ಮತ್ತೆ ಎರಡು ಸಲ ಬಂದಿದ್ದರು. ಒಬ್ಬೊಬ್ಬನ ಅಪ್ಪ, ಅಜ್ಜ, ಸೋದರಮಾವಂದಿರ ಹೆಸರು ಕೇಳಿ, ಆ ಅಜ್ಜಂದಿರ ಕತೆ ತಾನೇ ಹೇಳಿ, ಅವರು ತಾವಾಗಿಯೇ ಓಡಿಹೋಗುವಂತೆ ಮಾಡಿದ್ದ.

"ಮಾವಾರ, ನಾನು ಹೊಳೆಪ್ಪ," ಎಂದು ಹೊಳೆಪ್ಪ ಹೊಸ್ತಿಲು ದಾಟಲು ಕಾಲೆತ್ತಿದ.

ಒನಕೆ ಎದೆಗೆ ಬಂತು. "ಕತ್ತಲಾಗೈತಿ. ಮಾರಿ ಕಾಣವಲ್ದು. ಯಾರ ಪೈಕಿ?"

ದಾವೂದಸಾಬ ಇದನ್ನೆಲ್ಲ ಗಡ್ಡ ನೀವಿಕೊಳ್ಳುತ್ತ ನೋಡಿದ. ಕಡೆಗೆ ಮಹಾದೇವಕ್ಕ ಬಂದು ಸಾಕ್ಷಿ ಹೇಳಿದ ಮೇಲೆ ಒನಕೆ ಸರಿಯಿತು. ರೇವವ್ವ ಕಾಮಣ್ಣನ ಕೆಂಡ ತಂದು ಒಲೆ ಹೊತ್ತಿಸಿದಾಗ ಅಡುಗೆಮನೆಯಲ್ಲಿ ಅಜ್ಜನ ಕಾಲದ ಸಾಗವಾನಿಯ ವಾಸನೆ ಎದ್ದಿತು.

ಮರುದಿನ ಮುಂಜಾನೆ ಹೊಳೆಪ್ಪ ಅಡ್ಡೆಗೆ ಹೋದಾಗ ಬೇವಿನ ಗಿಡದ ಕೆಳಗಿನ ಕುರ್ಚಿ ತುಂಬಿತ್ತು. ಖಾಕಿ ಕೋಟು ಈರಬಸಪ್ಪನ ಮೈಗೆ ಅಳತೆ ಕೊಟ್ಟು ಹೊಲಿಸಿದಂತೆ ಕೂತಿತ್ತು.

ದಾವೂದಸಾಬ ಒಳಗಿನಿಂದಲೇ ಸಮಾಧಾನವಾಗಿ ಹೇಳಿದ. "ಸಿಟ್ಟಾಗಬ್ಯಾಡ ತಮ್ಮಾ. ಹನ್ನೆರಡು ವರ್ಷದಾಗ ನನ್ನ ಅಡ್ಡೇಕ ಇದ್ದ ಕಳ್ಳ ನೀ ಒಬ್ಬನ. ಅದೂ ವರ್ಷಕ್ಕ ಒಂದ ದಿನ. ಆ ದಿನ ನಿನ್ನ ಒಳಗ ಕುಂದ್ರಿಸಿದೆ, ನನ್ನ ಕೆಲಸ ಮುಗೀತು. ಉಳದ ದಿನಕ್ಕ ಅನುಭವ ಇದ್ದವ್ರು ಬೇಕು. ನಿನಗ ಗೇಟ ಇತ್ತು, ಗ್ವಾಡಿ ಇತ್ತು, ಸೀಟಿ ಇತ್ತು. ಇವ್ರು ಬಾಗಲಾ ಇಲ್ಲದ ಮನಿ ಕಾದಾರ. ಮನಿ ಒಡತೀನ್ನೂ ಒಳಗ ಬಿಟ್ಟಿಲ್ಲ." ಎಣ್ಣೆ ಡಬ್ಬಿ ಎತ್ತಿಕೊಳ್ಳುತ್ತ ಸೇರಿಸಿದ. "ಮುಂದಿನ ಹೋಳಿ ಹುಣ್ಣಿವಿಗೆ ಬಾ. ಆ ಒಂದು ದಿನದ ನೌಕರಿ ನಿಂದು, ಖಾಯಂ."

ಹೊಳೆಪ್ಪ ಗೇಟಿನ ಸರಳು ಹಿಡಿದು ಈರಬಸಪ್ಪನ ಕಡೆ ನೋಡಿದ.

"ಮಾವಾರ, ಅನ್ನವ್ವನ ಮಾತು?"

ಈರಬಸಪ್ಪ ಸೀಟಿಯನ್ನು ಕೋಟಿನ ಅಂಚಿಗೆ ಒರೆಸಿಕೊಂಡ.

"ಕೊಟ್ಟ ಮಾತು ತಪ್ಪಾಂವ ಅಲ್ಲ ನಾನು. ನಿನಗ ನೌಕರಿ ಸಿಕ್ಕೈತಿ, ಕಿವ್ಯಾರೆ ಕೇಳೀನಿ. ವರ್ಷಕ್ಕ ಒಂದು ದಿನ." ಕಾಲ ಮೇಲೆ ಕಾಲು ಹಾಕಿದ. "ಮಗಳನ್ನೂ ಹಂಗ ಕಳಸ್ತೀನಿ. ಹುಣ್ಣಿವಿ ದಿನ ಮುಂಜಾನಿ ಬಸ್ಸಿಗೆ ಬರ್ತಾಳ, ಸಂಜಿ ಬಸ್ಸಿಗೆ ತಿರಗಿ ಹೊಕ್ಕಾಳ. ಅಷ್ಟರಾಗ ಮನಿಗೊಂದು ಬಾಗಲಾ ಮಾಡಸು."