ಪಡಸಾಲೆಯಲ್ಲಿ ಇಂಗ್ಲಿಷ್ ಭೂತಕಾಲ

ಹುನಗುಂದದ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದ ಮೇಲೂ ವ್ಯಾಕರಣ ನನ್ನನ್ನು ನೆಮ್ಮದಿಯಾಗಿರಲು ಬಿಟ್ಟಿಲ್ಲ. ಇಳಕಲ್ಲಿನ ನನ್ನ ಮನೆಯ ಬಾಗಿಲನ್ನು ಅದು ಆಗಾಗ ತಟ್ಟುತ್ತಲೇ ಇರುತ್ತದೆ.

ಕಳೆದ ವರ್ಷ ಐಹೊಳೆಯ ಗೃಹಿಣಿಯೊಬ್ಬಳು ಬಂದಳು. ಗುಡಿಗಳನ್ನು ತೋರಿಸುವ ಗೈಡ್ ಆಗಲು ಇಂಗ್ಲಿಷ್ ಸಂದರ್ಶನ ಗೆಲ್ಲಬೇಕಿತ್ತು. ಅತ್ತೆ ಒಂದೇ ಅವಕಾಶ ಕೊಟ್ಟಿದ್ದರು: ಆಗದಿದ್ದರೆ ಮತ್ತೆ ಉಳ್ಳಾಗಡ್ಡಿ ಹೊಲದ ಕಳೆ. ಗುಡಿಗಳ ಕಥೆಯೆಲ್ಲ ಹಿಂದಿನದು; ಆದ್ದರಿಂದ ಭೂತಕಾಲದಿಂದಲೇ ಆರಂಭಿಸಿದೆ.

ಅಕ್ಕಿಯ ವಾಕ್ಯ

ಕ್ರಿಯಾಪದದ ಕೊನೆಗೆ 'ಇ', 'ಡಿ' ಅಕ್ಷರ ಹಚ್ಚಿದರೆ ಭೂತಕಾಲ. ಆ ಪದಕ್ಕೆ ಮೊದಲು 'ಹ್ಯಾಡ್' ಇಟ್ಟರೆ ಅದಕ್ಕೂ ಹಿಂದಿನ ಕಾಲ. ಇಷ್ಟು ತಿಳಿಸಿ, "ಮನ್ಯಾಗಿನ ಅಕ್ಕಿ ಮುಗೀತು. ಇದನ್ನ ಇಂಗ್ಲಿಷಿನಾಗ ಹೇಳು" ಎಂದೆ.

ಅವಳು ಪೆನ್ನು ಕೆಳಗಿಟ್ಟಳು.

"ಯಾಕ?"

"ಅಕ್ಕಿ ಮುಗೀತು ಅನಬಾರದ್ರಿ ಅಕ್ಕೋರ. ಹೆಚ್ಚಾತು ಅನಬೇಕು."

"ಅದು ಕನ್ನಡದಾಗ. ಇಂಗ್ಲಿಷಿನಾಗ ಅಂದ್ರ ನಡೀತದ."

"ಲಕ್ಷ್ಮಿಗೆ ಇಂಗ್ಲಿಷ್ ತಿಳಿಯೂದಿಲ್ಲೇನ್ರಿ?"

ನಾನು ವಾಕ್ಯ ಬದಲಿಸಿದೆ.

ಗಂಡನ ವಾಕ್ಯ

ಮರುವಾರ, 'ವರ್ಕ್' ಬಳಸಿ ಗಂಡನ ಬಗ್ಗೆ ಭೂತಕಾಲದಲ್ಲಿ ಹೇಳೆಂದೆ. ಅವಳ ಮುಖ ಇಳಿಯಿತು.

"ಗಟ್ಟಿಮುಟ್ಟಾಗಿ ಅದಾರ್ರಿ ಅಕ್ಕೋರ. ಹಿಂದಿನ ಕಾಲಕ್ಕ ಹೆಂಗ ಹಾಕ್ಲಿ?"

ಅವಳನ್ನು ಕರೆದೊಯ್ಯಲು ಬಂದಿದ್ದ ಗಂಡ ಅಂಗಳದ ಆಟೋದಲ್ಲಿ ಕುಳಿತೇ ಹೇಳಿದ:

"ಹಾಕಲಿ ಬಿಡ್ರಿ. ಮುಂದಿನ ಕಾಲದಾಗ ಇಟ್ರ ಬರೇ ಕೆಲಸ ಹೇಳ್ತಾಳ."

ಸಂದರ್ಶನ

ಬಾದಾಮಿಯಲ್ಲಿ ಸಂದರ್ಶನ. ಒಬ್ಬಳೇ ಒಳಗೆ ಹೋಗಲು ಅವಳಿಗೆ ಅಂಜಿಕೆ. ಜೊತೆಗಿರಲು ಬೇಡಿಕೊಂಡಳು; ಅನುಮತಿ ಪಡೆದು ಹಿಂದಿನ ಕುರ್ಚಿಯಲ್ಲಿ ಕುಳಿತೆ.

ಮೂವರು ಸಂದರ್ಶಕರಲ್ಲಿ ಹಿರಿಯ ಅಧಿಕಾರಿ ನನ್ನನ್ನು ಕಂಡವರೇ ಎದ್ದು ನಿಂತರು. ಹುನಗುಂದದ ನನ್ನ ತರಗತಿಯಲ್ಲಿ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದವರು. ನಾನು ಕೂರುವಂತೆ ಕೈ ಮಾಡಿದ ಮೇಲೆಯೇ ಕುಳಿತರು.

ಕಂಬವೊಂದರ ಚಿತ್ರ ತೋರಿಸಿ ಮೊದಲ ಪ್ರಶ್ನೆ ಕೇಳಿದವರು ಅವರೇ: "ಹೂ ಡಿಡ್ ಕಾರ್ವ್ಡ್ ದಿಸ್ ಪಿಲ್ಲರ್?"

ನಾನು ಕನ್ನಡಕ ಸರಿಪಡಿಸಿಕೊಂಡೆ, ಅಷ್ಟೆ.

ಅವರು ಕರವಸ್ತ್ರದಿಂದ ಹಣೆ ಒರೆಸಿಕೊಂಡು 'ಡಿಡ್' ಕಿತ್ತು, ಪ್ರಶ್ನೆಯನ್ನು ತಿದ್ದಿ ಕೇಳಿದರು. ಆಮೇಲೆ ಪ್ರತಿ ಪ್ರಶ್ನೆಗೂ ಮುನ್ನ ನನ್ನ ಮುಖ ನೋಡತೊಡಗಿದರು. ದೊಡ್ಡ ಸಾಹೇಬರೇ ಇಷ್ಟು ಬೆವರುವುದನ್ನು ಕಂಡು ನನ್ನ ಶಿಷ್ಯೆಯ ಅಂಜಿಕೆ ಹೋಯಿತು. ಶಿಲ್ಪಿಗಳು ಕಂಬವನ್ನು ಹೇಗೆ ಕಡೆದರು, ಅದಕ್ಕೂ ಮೊದಲು ಕಲ್ಲನ್ನು ಎಲ್ಲಿಂದ ತಂದಿದ್ದರು, ಎಲ್ಲವನ್ನೂ ನಿಧಾನವಾಗಿ, ತಪ್ಪಿಲ್ಲದೆ ಹೇಳಿದಳು. ಉಳಿದಿಬ್ಬರು ತಲೆದೂಗಿ ಅಂಕ ಹಾಕಿದರು.

ಸಂಜೆ ಅಧಿಕಾರಿಯೇ ಹೊರಗೆ ಬಂದು, ನನ್ನ ಕಾಲು ಮುಟ್ಟಿ, ಅತ್ತಿತ್ತ ನೋಡಿ, ದನಿ ತಗ್ಗಿಸಿದರು:

"ಆಕಿ ಪಾಸ್ ಆದ್ಳ್ರಿ ಅಕ್ಕೋರ. ನಾ?"